ದಾಟಿನ ಕೆಳಗೆ ಸೂಜಿಚಿಟ್ಟೆ ಇಲ್ಲ

ಮೀನು ಸತ್ತಾಗ ಯಾರೂ ಕುರಿಯ ಮೇಲೆ ಅನುಮಾನ ಪಡುವುದಿಲ್ಲ. ಚಳಿಯನ್ನು ಬೈಯುತ್ತಾರೆ, ಮೀನಿನ ಆಹಾರ ಮಾರಿದವನನ್ನು ಬೈಯುತ್ತಾರೆ, ಬೇರೆ ಯಾರೂ ಸಿಗದಿದ್ದರೆ ಮೀನನ್ನೇ ಬೈಯುತ್ತಾರೆ. ಹೋದ ವರ್ಷ ಮೀನಕ್ಕನ ಕಲ್ಲಿನ ತೊಟ್ಟಿಯಲ್ಲಿ ಬೆಳಗಾಗುವಷ್ಟರಲ್ಲಿ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದಾಗ, ಬೆಟ್ಟದ ಮೇಲಿನ ಆ ಪುಟ್ಟ ಊರಿನಲ್ಲಿ ಈ ಮೂರೂ ಒಂದಾದ ಮೇಲೊಂದರಂತೆ ನಡೆದವು. ಬಂದವರು ತೊಟ್ಟಿಯ ಅಂಚಿನಲ್ಲಿ ನಿಂತು ತಲೆಗೊಂದು ಕಾರಣ ಕೊಟ್ಟು ಹೋದರು. ಸತ್ತ ಮೀನುಗಳನ್ನು ಎತ್ತಿ ಹೂಳುವುದಕ್ಕೆ ಉಳಿದವನು ಆಕೆಯ ಅಣ್ಣ ಒಬ್ಬನೇ.

ಹೂಳುತ್ತಾ ಅವನೂ ಒಂದು ಕಾರಣ ಹೇಳಿದ. "ಆಹಾರ ಜಾಸ್ತಿ ಹಾಕಿದೀಯ ಕಣಮ್ಮ. ತಿಂದು ಮಿಕ್ಕಿದ್ದು ಕೊಳೆತು ನೀರು ಕೆಟ್ಟಿದೆ."

ಮೀನಕ್ಕ ಅದನ್ನು ನಂಬಿದಳು. ಬೇರೆ ಯಾರೇ ಹೇಳಿದ್ದರೂ ನಂಬುತ್ತಿರಲಿಲ್ಲ. ಆದರೆ ಅಣ್ಣನೆಂದರೆ ಊರಿಗೆಲ್ಲ ಅಚ್ಚುಕಟ್ಟಯ್ಯ. ಅವನು ಕಟ್ಟಿದ ಗಂಟು ಬಿಚ್ಚಬೇಕಾದರೂ ಅವನನ್ನೇ ಕರೆಸಬೇಕು ಎಂದು ಜನ ಆಡಿಕೊಳ್ಳುತ್ತಿದ್ದರು. ಅಂಥವನು ತಪ್ಪು ನಿನ್ನದು ಎಂದರೆ ತಪ್ಪು ತನ್ನದೇ ಇರಬೇಕು. ಗಂಡ ತೀರಿಕೊಂಡ ಮೇಲೆ ಹಳ್ಳದ ನೀರನ್ನು ಪೈಪಿನಲ್ಲಿ ತೊಟ್ಟಿಗೆ ತಂದು, ತಣ್ಣೀರಿನ ಮೀನು ಸಾಕಿ, ಕೆಳಗಿನ ಪಟ್ಟಣಕ್ಕೆ ಕಳಿಸಿ ಆಕೆ ಬದುಕುತ್ತಿದ್ದಳು. ಈ ವರ್ಷ ಮತ್ತೆ ಮರಿ ತಂದು ಬಿಟ್ಟಿದ್ದಳು. ಮರಿಗಳು ಈಗ ಅಂಗೈಯುದ್ದ ಆಗಿದ್ದವು.

"ಈ ಸಲವೂ ಹೋದ್ರೆ ನಾನು ಬೆಟ್ಟ ಇಳಿದುಬಿಡ್ತೀನಿ ಅಣ್ಣ," ಎಂದು ಒಂದು ದಿನ ಹೇಳಿದಳು. "ಪಟ್ಟಣದಲ್ಲಿ ಹೊಲಿಗೆ ಕಾರ್ಖಾನೆಗೆ ಜನ ಬೇಕಂತೆ."

ಆಕೆಗೆ ಹೊಲಿಗೆ ಬರುತ್ತಿರಲಿಲ್ಲ. ಅದು ಅಣ್ಣನಿಗೂ ಗೊತ್ತಿತ್ತು.

ಅಚ್ಚುಕಟ್ಟಯ್ಯನ ಮನೆ ಅದೇ ಹಳ್ಳದ ದಂಡೆಯಲ್ಲಿ, ತಂಗಿಯ ತೊಟ್ಟಿಗಿಂತ ಎರಡು ತಿರುವು ಮೇಲಕ್ಕಿದೆ. ಅವನ ಕಸುಬು ಕುರಿ. ವರ್ಷಕ್ಕೊಮ್ಮೆ ಕುರಿಗಳಿಗೆ ಔಷಧಿ ಸ್ನಾನ ಮಾಡಿಸಬೇಕು. ಇಲ್ಲವಾದರೆ ಉಣುಗುಗಳು ಉಣ್ಣೆಯೊಳಗೆ ಸೇರಿಕೊಂಡು ರಕ್ತ ಹೀರಿ ಕುರಿಯನ್ನು ಬಡಕಲು ಮಾಡಿಬಿಡುತ್ತವೆ. ಅದಕ್ಕಾಗಿ ಅವನು ಹಳ್ಳದ ಆಚೆ ದಂಡೆಯಲ್ಲಿ, ನೀರಿನಿಂದ ಸಾಕಷ್ಟು ದೂರದಲ್ಲಿ, ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದ. ಔಷಧಿಯನ್ನು ಅಳತೆ ಮಾಡಿಯೇ ಹಾಕುತ್ತಿದ್ದ. ಕೈಗವಸು ಹಾಕಿಕೊಳ್ಳುತ್ತಿದ್ದ. ಮಿಕ್ಕ ನೀರನ್ನು ಪಶು ಆಸ್ಪತ್ರೆಯವರು ಹೇಳಿದ ಜಾಗದಲ್ಲೇ ಚೆಲ್ಲುತ್ತಿದ್ದ, ಖಾಲಿ ಡಬ್ಬಿಯನ್ನು ಅಂಗಡಿಗೆ ವಾಪಸು ಕೊಡುತ್ತಿದ್ದ. ಒಮ್ಮೆ ನೋಡಲು ಬಂದ ಪಶುವೈದ್ಯರು, "ಎಷ್ಟೋ ಮನೆಗಳ ಅಡುಗೆಮನೆ ಇಷ್ಟು ಚೊಕ್ಕ ಇರಲ್ಲ" ಎಂದು ಹೊಗಳಿದ್ದರು. ಹೇಳುವಾಗ ಅವರು ಅಡುಗೆಮನೆಯ ಕಡೆ ನೋಡಿದರು ಎಂದು ಅವನ ಹೆಂಡತಿಗೆ ಇಂದಿಗೂ ಅನುಮಾನ.

ಈ ಸಲದ ಸ್ನಾನಕ್ಕೆ ಒಂದು ದಿನ ಉಳಿದಿತ್ತು. ಆಗ ಹಳ್ಳದ ಮೇಡಂ ಬಂದರು.

ಹಳ್ಳದ ಮೇಡಂ ಎಂದರೆ ಬೆಟ್ಟದ ಹಳ್ಳಗಳಲ್ಲಿ ಬದುಕುವ ಹುಳುಗಳನ್ನು ನೋಡಿ ನೀರಿನ ಆರೋಗ್ಯ ಹೇಳುವವರು. ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಮೊಣಕಾಲಿನವರೆಗೆ ರಬ್ಬರ್ ಬೂಟು, ಕೈಯಲ್ಲಿ ಬಿಳಿ ತಟ್ಟೆ, ಒಂದು ಪುಟ್ಟ ಬಲೆ. ಬೆಳಗ್ಗೆಯಿಂದ ಹಳ್ಳದಲ್ಲಿ ಬಗ್ಗಿ ನಿಂತಿದ್ದವರು ಮಧ್ಯಾಹ್ನ ಸೊಂಟ ಹಿಡಿದುಕೊಂಡು ಅಚ್ಚುಕಟ್ಟಯ್ಯನ ಜಗುಲಿಗೆ ಬಂದು ಕೂತರು. ಸೊಸೆ ಟೀ ತಂದುಕೊಟ್ಟಳು. ಈಚೆಗಷ್ಟೇ ನಡೆಯಲು ಕಲಿತ ಮೊಮ್ಮಗಳು ಬಂದು ಬಿಳಿ ತಟ್ಟೆಯನ್ನು ತಲೆಯ ಮೇಲೆ ಇಟ್ಟುಕೊಂಡಳು.

"ಏನು ಮೇಡಂ, ಹುಳ ಎಲ್ಲ ಕ್ಷೇಮವಾ?" ಎಂದ ಅಚ್ಚುಕಟ್ಟಯ್ಯ.

"ಅದೇ ಹೇಳೋಣ ಅಂತ ಬಂದೆ ಯಜಮಾನ್ರೇ. ಸೂಜಿಚಿಟ್ಟೆ ಕಾಣಿಸ್ತಿಲ್ಲ."

"ಯಾವುದು, ಆ ಏರೋಪ್ಲೇನ್ ಚಿಟ್ಟೆನಾ?"

"ಅದರ ತಂಗಿ ಅನ್ನಿ. ಏರೋಪ್ಲೇನ್ ಚಿಟ್ಟೆ ಕೂತಾಗಲೂ ರೆಕ್ಕೆ ಚಾಚಿಕೊಂಡೇ ಇರುತ್ತೆ. ಇದು ಮಡಚಿ ಬೆನ್ನ ಮೇಲೆ ಇಟ್ಕೊಳ್ಳುತ್ತೆ. ಸೂಜಿ ಹಾಗೆ ಸಣ್ಣ, ಕಪ್ಪು ಮೈ, ಬಾಲದ ತುದೀಲಿ ಮಾತ್ರ ನೀಲಿ. ನೀರು ಧುಮುಕೋ ಜಾಗದಲ್ಲಿ, ಹನಿ ಸಿಡಿಯೋ ಕಲ್ಲಿನ ಮೇಲೆ ಕೂತಿರುತ್ತೆ."

"ಅಂಥ ಹುಳ ನೋಡೋಕೆ ಸಂಬಳ ಕೊಡ್ತಾರಾ?" ಎಂದಳು ಅವನ ಹೆಂಡತಿ ಒಳಗಿನಿಂದ. "ನಮ್ಮ ಮನೆಯವರು ಮೂವತ್ತು ವರ್ಷದಿಂದ ಬಿಟ್ಟಿ ನೋಡ್ತಿದಾರೆ."

ಮೇಡಂ ನಕ್ಕರು. ಆಮೇಲೆ ನಗುವನ್ನು ಬದಿಗಿಟ್ಟರು. "ನೀವು ಕುರಿ ಹೊಡ್ಕೊಂಡು ಹಳ್ಳ ದಾಟ್ತೀರಲ್ಲ, ಆ ದಾಟಿನ ಮೇಲ್ಗಡೆ ಸೂಜಿಚಿಟ್ಟೆ ಬೇಕಾದಷ್ಟಿದೆ. ಕೆಳಗಡೆ ಒಂದೂ ಇಲ್ಲ. ಹಿಂದಿನ ಸಲ ಬಂದಾಗ ಎರಡೂ ಕಡೆ ಇತ್ತು. ನಾನೇ ನೋಡಿದೀನಿ."

"ಕೆಳಗಡೆ ಬಿಸಿಲು ಜಾಸ್ತಿ ಇರ್ಬೇಕು."

"ಎರಡೂ ಕಡೆ ಒಂದೇ ಬಿಸಿಲು. ಅದೇ ನೀರು, ಅದೇ ಕಲ್ಲು."

"ಹಾಗಿದ್ರೆ ಹಾರಿಹೋಗಿರುತ್ತೆ. ರೆಕ್ಕೆ ಇರೋದು ಯಾಕೆ?"

"ಇದು ದೂರ ಹಾರೋ ಜಾತಿ ಅಲ್ಲ ಯಜಮಾನ್ರೇ. ಹುಟ್ಟಿದ ಹಳ್ಳ ಬಿಟ್ಟು ಗುಡ್ಡದ ಆಚೆಗೆ ಹೋಗಲ್ಲ. ದಾಟಿನ ಹತ್ರ ಏನಾಗುತ್ತೆ?"

"ಏನಾಗುತ್ತೆ? ದಾಟ್ತೀವಿ. ದಾಟಿನ ಹತ್ರ ದಾಟದೆ ಇನ್ನೇನು ಮಾಡ್ತಾರೆ?" ಅಚ್ಚುಕಟ್ಟಯ್ಯನ ದನಿ ಸ್ವಲ್ಪ ಏರಿತು. "ಹಳ್ಳಕ್ಕೆ ಒಂದು ತೊಟ್ಟು ಔಷಧಿ ಬೀಳೋಕೆ ಬಿಟ್ಟವನಲ್ಲ ನಾನು. ಬೇಕಾದ್ರೆ ತೊಟ್ಟಿ ನೋಡಿ ಬನ್ನಿ."

"ಔಷಧಿ ಅಂತ ನಾನು ಅನ್ನಲೇ ಇಲ್ಲವಲ್ಲ," ಎಂದರು ಮೇಡಂ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರು," ಎಂದಿತು ಒಳಗಿನ ದನಿ.

ಅಚ್ಚುಕಟ್ಟಯ್ಯ ಎದ್ದು ಚಪ್ಪಲಿ ಮೆಟ್ಟಿದ. "ನಡೀರಿ ಮೇಡಂ. ಕಲ್ಲು ನಾನೇ ಎತ್ತಿ ನೋಡ್ತೀನಿ."

ತಾನೇ ಮುಟ್ಟಿ ನೋಡದ ಯಾವುದನ್ನೂ ಒಪ್ಪದ ಜಾತಿ ಅವನದು. ದಾಟಿನ ಮೇಲ್ಗಡೆ ನೀರಿಗಿಳಿದ. ಬೆಟ್ಟದ ನೀರು ಕಣಕಾಲನ್ನು ಕಚ್ಚಿತು. ಒಂದು ಕಲ್ಲನ್ನು ಎತ್ತಿ ಮಗುಚಿದ. ಕೆಳಮೈಯಲ್ಲಿ ಕಡ್ಡಿಯಂಥದೊಂದು ಕಂದು ಜೀವ ಅಂಟಿಕೊಂಡಿತ್ತು. ಆರು ಕಾಲು, ಬಾಲದಲ್ಲಿ ಮೂರು ಪುಟ್ಟ ಎಲೆಗಳು.

"ಇದು ಮರಿ," ಎಂದರು ಮೇಡಂ. "ಆ ಎಲೆ ಇದೆಯಲ್ಲ, ಅದರಿಂದ ನೀರೊಳಗೆ ಉಸಿರಾಡುತ್ತೆ. ತಾಯಿ ದಂಡೆಯ ಜೊಂಡಿನ ಕಾಂಡದಲ್ಲಿ ಮೊಟ್ಟೆ ಚುಚ್ಚಿ ಇಡ್ತಾಳೆ. ಇಷ್ಟು ತಣ್ಣೀರಲ್ಲಿ ಮರಿ ಬೆಳೆಯೋದು ನಿಧಾನ. ಎರಡು ವರ್ಷ, ಕೆಲವಕ್ಕೆ ಮೂರು. ರೆಕ್ಕೆ ಬಂದ ಮೇಲೆ ಬದುಕೋದು ಕೆಲವೇ ವಾರ."

"ಮೂರು ವರ್ಷ ನೀರಲ್ಲಿ ಕೂತು, ನಾಲ್ಕು ದಿನ ಹಾರೋಕೆ," ಎಂದ ಅವನು. ಗೇಲಿ ಮಾಡಲು ಹೊರಟ ಮಾತು ಅರ್ಧದಲ್ಲೇ ಮೆತ್ತಗಾಯಿತು. ಕಲ್ಲನ್ನು ಇದ್ದ ಹಾಗೆಯೇ ಇದ್ದ ಜಾಗದಲ್ಲೇ ಇಟ್ಟ. ಇನ್ನೊಂದು ಎತ್ತಿದ. ಅಲ್ಲೂ ಇತ್ತು. ಮೇಲಿನ ಬಂಡೆಯ ಮೇಲೆ ಬಾಲದ ನೀಲಿ ತುದಿಯೊಂದು ಅಲುಗಿ, ಮತ್ತೆ ಕೂತಿತು.

ಆಮೇಲೆ ಅವನು ದಾಟಿನ ಕೆಳಗೆ ಹೋದ. ಒಂದು ಕಲ್ಲು ಎತ್ತಿದ. ಬರಿಯ ಲೋಳೆ. ಮತ್ತೊಂದು ಎತ್ತಿದ. ಲೋಳೆ. ಆ ಲೋಳೆ ಮೇಯುವ ಸಣ್ಣ ಹುಳುಗಳೂ ಇರಲಿಲ್ಲ. ಅವನು ತಂಗಿಯ ಮನೆಯ ದಿಕ್ಕಿಗೆ ಬಗ್ಗಿಕೊಂಡೇ ನಡೆಯುತ್ತಾ ಕಲ್ಲು ಎತ್ತಿದ, ಇಟ್ಟ, ಎತ್ತಿದ, ಇಟ್ಟ. ಮೊದಲ ತಿರುವು ಬರುವ ಹೊತ್ತಿಗೆ ಇಡುವುದು ನಿಧಾನವಾಗಿತ್ತು. ಮೇಡಂ ದಂಡೆಯ ಮೇಲೆ ಜೊತೆಜೊತೆಗೇ ನಡೆದರು.

"ಕುರಿ ಸ್ನಾನ ಆದ ಎಷ್ಟು ಹೊತ್ತಿಗೆ ಹಳ್ಳ ದಾಟ್ತೀರಿ?" ಎಂದು ಕೊನೆಗೆ ಕೇಳಿದರು.

ಅವನು ಸೊಂಟ ನೆಟ್ಟಗೆ ಮಾಡಿದ. "ಮೊದಲೆಲ್ಲ ದಾಟ್ತಿರ್ಲಿಲ್ಲ. ಆಚೆ ದಂಡೇಲೇ ಎರಡು ವಾರ ಇಟ್ಕೊಳ್ತಿದ್ದೆ. ಅಲ್ಲೊಂದು ಕಲ್ಲಿನ ಗುಡಿಸಲಿದೆ, ಅದರಲ್ಲಿ ಮಲಗ್ತಿದ್ದೆ. ಹೋದ ವರ್ಷ ಮೊಮ್ಮಗಳು ಹುಟ್ಟಿದ್ಲು. ಅವಳನ್ನ ಬಿಟ್ಟು ಅಲ್ಲಿ ಕೂರೋಕೆ ಮನಸ್ಸಾಗ್ಲಿಲ್ಲ. ಸ್ನಾನ ಆದ ದಿನಾನೇ ಕುರಿ ಹೊಡ್ಕೊಂಡು ಬಂದುಬಿಟ್ಟೆ."

"ಔಷಧಿ ಸೋರ್ತಾ ಇದ್ದ ಹಾಗೇ?"

"ಸೋರೋದನ್ನ ಮನೆಗೆ ತರ್ತೀನಾ ಮೇಡಂ? ಕೂಸಿರೋ ಮನೆ." ಅವನು ಮೇಡಂ ಕಡೆ ನೋಡಲಿಲ್ಲ. "ದಾಟಿನಲ್ಲಿ ಒಂದೊಂದನ್ನೇ ನಿಲ್ಲಿಸಿ ಕಾಲು, ಹೊಟ್ಟೆ ಎಲ್ಲ ಚೆನ್ನಾಗಿ ತೊಳೆದೆ."

ಹಳ್ಳ ತನ್ನ ಪಾಡಿಗೆ ಹರಿಯುತ್ತಿತ್ತು.

"ಉಣ್ಣೆ ಔಷಧೀನ ಹಿಡ್ಕೊಂಡಿರುತ್ತೆ ಯಜಮಾನ್ರೇ," ಎಂದರು ಮೇಡಂ ಮೆಲ್ಲಗೆ. "ಒಣಗಿದ ಹಾಗೆ ಕಂಡ್ರೂ ಒಳಗಿರುತ್ತೆ. ಉಣುಗು ಕೊಲ್ಲೋಕೆ ಮಾಡಿದ ಔಷಧಿ ನೀರಿಗೆ ಸೇರಿದ್ರೆ ಇದು ಉಣುಗು, ಇದು ಸೂಜಿಚಿಟ್ಟೆ ಅಂತ ಕೇಳ್ಕೊಂಡು ಕೊಲ್ಲಲ್ಲ. ಬಹಳ ಬೇಕಾಗೋದೂ ಇಲ್ಲ. ಹುಳಕ್ಕೂ ಸಾಕು, ಮೀನಿಗೂ ಸಾಕು."

"ಹೋದ ವರ್ಷದ್ದು ಇವತ್ತಿನವರೆಗೂ ಇರುತ್ತಾ?"

"ಔಷಧಿ ಆಗ್ಲೇ ಹರಿದುಹೋಗಿರುತ್ತೆ. ಸತ್ತಿದ್ದು ವಾಪಸು ಬರ್ಬೇಕಲ್ಲ? ಅದು ಬೆಳೆಯೋಕೆ ಎರಡು ಮೂರು ವರ್ಷ ಬೇಕು. ನೀವು ವರ್ಷಕ್ಕೊಂದು ಸಲ ಕುರಿ ತೊಳೆದ್ರೆ ಯಾವತ್ತಿಗೂ ಬರಲ್ಲ."

ಕೇಳಬೇಕಾದ ಇನ್ನೊಂದು ಪ್ರಶ್ನೆ ಇತ್ತು. ಮೇಡಂ ಕೇಳಲಿಲ್ಲ. ಅವನಾಗಿಯೇ ಹೇಳಿದ. "ನನ್ನ ತಂಗಿ ಮೀನು ಸತ್ತಿದ್ದು ಮಾರನೇ ದಿನ."

ಮನೆಯಲ್ಲಿ ಈ ವಿಷಯ ಕೇಳಿ ಹೆಂಡತಿ ಮೊದಲ ಸಲ ತಮಾಷೆ ಮಾಡಲಿಲ್ಲ. ಪಾತ್ರೆ ಉಜ್ಜುತ್ತಿದ್ದ ಕೈ ನಿಂತಿತು. ಸೊಸೆ ಮಗುವನ್ನು ಮಡಿಲಿಗೆ ಎಳೆದುಕೊಂಡಳು.

"ಹಾಗಾದ್ರೆ ಏನು ಮಾಡೋದು ಮೇಡಂ? ಔಷಧಿ ಹಾಕದೇ ಇರೋಕಾಗುತ್ತಾ?" ಎಂದಳು ಸೊಸೆ. "ಹಾಗಂತ ಅದೇ ಮೈಯಲ್ಲಿ ಅಂಗಳಕ್ಕೆ ಬಂದ್ರೆ ಇವಳು ಕುರಿ ಬಾಲ ಹಿಡ್ಕೊಂಡೇ ಓಡಾಡ್ತಾಳೆ."

"ಔಷಧಿ ಹಾಕಿ, ಬೇಡ ಅಂದೋರು ಯಾರು? ಅಂಗಳಕ್ಕೂ ತರ್ಬೇಡಿ, ಹಳ್ಳಕ್ಕೂ ಇಳಿಸ್ಬೇಡಿ. ನಿಮ್ಮ ಮಾವ ಮೊದಲು ಮಾಡ್ತಿದ್ದದ್ದೇ ಸರಿ. ಸೋರೋದು ಪೂರ್ತಿ ನಿಲ್ಲೋವರೆಗೆ ತೊಟ್ಟಿ ಪಕ್ಕದ ದೊಡ್ಡಿಯಲ್ಲೇ ನಿಲ್ಲಿಸಿ. ಆಮೇಲೆ ಕಡಿಮೆ ಅಂದ್ರೂ ಎರಡು ವಾರ ಆಚೆ ದಂಡೇಲೇ, ಬೇಲಿ ಒಳಗೆ. ಕುಡಿಯೋಕೆ ನೀರು ಬಕೆಟಲ್ಲಿ ಹೊತ್ತು ಹಾಕಿ. ಡಬ್ಬಿ ಮೇಲೆ ಇನ್ನೂ ಜಾಸ್ತಿ ದಿನ ಬರೆದಿದ್ರೆ ಅಷ್ಟು ದಿನ. ಅಲ್ಲದೆ, ಹಾಕಿದ ಔಷಧೀನ ಆಗ್ಲೇ ತೊಳೆದುಬಿಟ್ರೆ ಉಣುಗಿಗೆ ಉಳಿಯೋದು ಏನು?"

"ಅದಕ್ಕೇ ಈ ವರ್ಷ ಉಣುಗು ಅಷ್ಟು ಬೇಗ ಬಂತು," ಎಂದಳು ಹೆಂಡತಿ. ಅವಳಿಗೆ ಮಾತು ವಾಪಸು ಬಂದಿತ್ತು. "ಎರಡು ವಾರ ಗುಡಿಸಲಲ್ಲಿ ಇರ್ಲಿ ಬಿಡಿ. ನನಗೂ ಮನೇಲಿ ಎಲ್ಲೆಂದರಲ್ಲಿ ಸೌಟು ಇಡೋ ಭಾಗ್ಯ ಸಿಗುತ್ತೆ."

ಯಾರೂ ಹೆಚ್ಚು ನಗಲಿಲ್ಲ. ಮೇಡಂ ಹೊರಟುಹೋದ ಮೇಲೆ ಅವನು ಕಂಬಕ್ಕೆ ಒರಗಿ ಕೂತ.

"ತಂಗಿಗೆ ಹೇಳ್ಬೇಕು ರೀ," ಎಂದಳು ಹೆಂಡತಿ.

"ಈ ಸಲ ಹುಷಾರಾಗಿದ್ರೆ ಸಾಕಲ್ಲ. ಆಗಿಹೋಗಿದ್ದನ್ನ ಕೆದಕಿ ಏನು ಮಾಡೋದು?"

"ನಿಮಗೆ ಅದು ಆಗಿಹೋಗಿದ್ದು. ಅವಳಿಗೆ ಆಗಿಹೋಗಿಲ್ಲ. ಮೊನ್ನೆ ಹೋದಾಗ ನೋಡ್ದೆ, ಮೀನಿಗೆ ಆಹಾರ ಹಾಕೋವಾಗ ಒಂದು ಚಿಟಿಕೆ ತಗೊಂಡು, ಅದರಲ್ಲೂ ಅರ್ಧ ವಾಪಸು ಡಬ್ಬಿಗೆ ಹಾಕ್ತಾಳೆ. ತಾನೇ ಕೊಂದೆ ಅಂದ್ಕೊಂಡಿದಾಳೆ. ಹಾಗಂತ ಹೇಳಿದ್ದು ನೀವು."

ಮೊಮ್ಮಗಳು ಬಂದು ಅವನ ಚಪ್ಪಲಿಯನ್ನು ಅವನ ಮಡಿಲಿಗೇ ಹಾಕಿದಳು. ಅವನು ಅದನ್ನು ಕಾಲಿಗೆ ಹಾಕಿಕೊಂಡು ಎದ್ದ.

ಮೀನಕ್ಕ ತೊಟ್ಟಿಯ ಜಾಲರಿಗೆ ಸಿಕ್ಕಿದ ಎಲೆ ತೆಗೆಯುತ್ತಿದ್ದಳು. ಅವನು ಪೀಠಿಕೆ ಹಾಕಲಿಲ್ಲ, ಹಾಕಲು ಬರುತ್ತಲೂ ಇರಲಿಲ್ಲ. ದಾಟು, ಕುರಿ, ಔಷಧಿ, ಕಲ್ಲಿನ ಕೆಳಗಿನ ಲೋಳೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ನಿಲ್ಲಿಸಿದ. ಅವಳು ಕೈಯಲ್ಲಿದ್ದ ಒದ್ದೆ ಎಲೆಗಳನ್ನು ಕೆಳಗಿಡಲಿಲ್ಲ.

"ಅಂದ್ರೆ ನಾನು ಕೊಂದಿದ್ದಲ್ಲ," ಎಂದಳು.

"ಅಲ್ಲ."

"ಆಹಾರ ಜಾಸ್ತಿ ಆಗಿರ್ಲಿಲ್ಲ."

"ಆಗಿರ್ಲಿಲ್ಲ."

"ನಿನಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ ಕಣಮ್ಮ. ನಿಜವಾಗ್ಲೂ."

"ಗೊತ್ತಿಲ್ಲ ಅಂತ ಅವತ್ತೇ ಅನ್ನಬಹುದಿತ್ತು ಅಣ್ಣ." ಅವಳ ದನಿ ಏರಲಿಲ್ಲ. "ಗೊತ್ತಿಲ್ಲ ಅಂದಿದ್ರೆ ಇಬ್ಬರೂ ಸೇರಿ ಹುಡುಕ್ತಿದ್ವಿ. ನೀನು ಗೊತ್ತಿದ್ದವನ ಹಾಗೆ ಹೇಳ್ದೆ. ನಾನು ಒಂದು ವರ್ಷ ನನ್ನ ಕೈ ನೋಡ್ಕೊಂಡು ಕೂತೆ."

ಅವನು, ಈ ಸಲ ಹಾಗಾಗದು, ಕುರಿ ಆಚೆಯೇ ಇರುತ್ತವೆ ಎಂದ. ಅವಳು, "ನೋಡೋಣ," ಎಂದಳು. ಟೀ ಕುಡಿ ಎನ್ನಲಿಲ್ಲ. ಅವನೂ ಅದಕ್ಕೆ ಕಾಯಲಿಲ್ಲ.

ಮಾರನೇ ದಿನ ಆಚೆ ದಂಡೆಯಲ್ಲಿ ಸ್ನಾನ ನಡೆಯಿತು. ಕುರಿಗಳು ಒಂದೊಂದಾಗಿ ತೊಟ್ಟಿಯಲ್ಲಿ ಮುಳುಗಿ, ಅವಮಾನವಾದವರಂತೆ ಮುಖ ಮಾಡಿಕೊಂಡು, ದೊಡ್ಡಿಗೆ ಹೋದವು. ಅಚ್ಚುಕಟ್ಟಯ್ಯ ತಲೆಯೆತ್ತಿ ನೋಡಿದಾಗ ದಾಟಿನ ನಡುವಿನ ಕಲ್ಲಿನ ಮೇಲೆ ಮೀನಕ್ಕ ಕೂತಿದ್ದಳು, ಕೈಯಲ್ಲೊಂದು ಕೋಲು. ಅಣ್ಣನ ಮಾತನ್ನು ಈಗಲೂ ನಂಬಬಹುದು, ಆದರೆ ಕಣ್ಣಿಂದ ನೋಡಿ ನಂಬೋಣ ಎಂದು ಬಂದಿದ್ದಳು.

ಬಂದದ್ದು ಒಳ್ಳೆಯದೇ ಆಯಿತು. ಸಂಜೆ ಕುರಿಗಳನ್ನು ದೊಡ್ಡಿಯಿಂದ ಬೇಲಿ ಕಟ್ಟಿದ ಹುಲ್ಲುಗಾವಲಿಗೆ ಹೊಡೆಯುವಾಗ, ಗಂಟೆ ಕಟ್ಟಿದ ಮುಂದಾಳು ಟಗರು ಸೀದಾ ದಾಟಿನ ಕಡೆ ತಿರುಗಿತು. ಅದಕ್ಕೆ ಹೋದ ವರ್ಷದ ನೆನಪು ಇತ್ತು. ಹಳ್ಳ ದಾಟಿದರೆ ಮನೆ ಎಂಬುದಷ್ಟೇ ಅದಕ್ಕೆ ಗೊತ್ತು. ಹಿಂಡು ಪೂರ್ತಿ ಅದರ ಹಿಂದೆ ಹೊರಳಿತು. ಅಚ್ಚುಕಟ್ಟಯ್ಯ ಹಿಂದಿನಿಂದ ಕೂಗಿಕೊಂಡು ಓಡಿದ. ಹಿಂಡಿನ ಹಿಂದಿದ್ದವನು ಮುಂದೆ ಬರುವುದು ಯಾವ ಕಾಲಕ್ಕೆ?

ಮೀನಕ್ಕ ಎದ್ದು ನಿಂತಳು. ನೀರಿಗಿಳಿದು ದಡ ಹತ್ತಿ, ಕೋಲನ್ನು ಅಡ್ಡ ಹಿಡಿದಳು. ಟಗರು ಅವಳ ಮುಂದೆ ನಿಂತು ಕೊಂಬು ಬಗ್ಗಿಸಿತು. ಅದರ ಉಣ್ಣೆ ಇನ್ನೂ ಒದ್ದೆಯಾಗಿತ್ತು.

"ಹೋಗು," ಎಂದಳು. "ಇವತ್ತು ದಾರಿ ಇಲ್ಲ."

ಟಗರು ಅಲುಗಲಿಲ್ಲ, ಅವಳೂ ಅಲುಗಲಿಲ್ಲ. ಅಷ್ಟರಲ್ಲಿ ಅಣ್ಣ ಏದುಸಿರು ಬಿಡುತ್ತಾ ಬಂದು ಅದರ ಕೊರಳ ಪಟ್ಟಿ ಹಿಡಿದು ತಿರುಗಿಸಿದ. ಹಿಂಡು ಗೊಣಗುತ್ತಾ ಗುಡ್ಡದ ಕಡೆ ಹೊರಟಿತು. ಅಣ್ಣ ತಂಗಿ ಇಬ್ಬರೂ ಎರಡು ಬದಿಯಲ್ಲಿ ನಡೆದು ಕೊನೆಯ ಕುರಿ ಬೇಲಿಯೊಳಗೆ ಹೋಗುವವರೆಗೂ ನೋಡಿದರು. ಬೇಲಿಯ ಗಂಟನ್ನು ಅವನು ಎರಡು ಸಲ ಕಟ್ಟಿದ.

ಮರುದಿನ ಬೆಳಗ್ಗೆ ತೊಟ್ಟಿಯಲ್ಲಿ ಮೀನುಗಳು ಈಜುತ್ತಿದ್ದವು. ಅದರ ಮಾರನೇ ದಿನವೂ ಈಜುತ್ತಿದ್ದವು. ಮೂರನೆಯ ದಿನ ಮೀನಕ್ಕ ಊಟದ ಡಬ್ಬಿ ಹಿಡಿದು ಹಳ್ಳ ದಾಟಿ ಕಲ್ಲಿನ ಗುಡಿಸಲಿಗೆ ಹೋದಳು.

"ತಿನ್ನು," ಎಂದು ಡಬ್ಬಿ ಮುಂದಿಟ್ಟಳು. "ಕಡಿಮೇನೇ ಹಾಕಿದೀನಿ. ಜಾಸ್ತಿ ಹಾಕಿದ್ರೆ ಸಾಯ್ತಾರಂತೆ."

ಅವನು ತಲೆ ಬಗ್ಗಿಸಿ ತಿಂದ. ಮನೆಯ ಕಡೆಯ ದಂಡೆಯಲ್ಲಿ ಸೊಸೆ ಮಗುವನ್ನು ಎತ್ತಿ ಹಿಡಿದಿದ್ದಳು. ಮಗು ಯಾರ ಕಡೆಗೋ ಕೈ ಬೀಸುತ್ತಿತ್ತು. ಅಜ್ಜನಿಗೋ ಕುರಿಗೋ ಹೇಳುವುದು ಕಷ್ಟ.

ದಾಟಿನ ಕೆಳಗೆ ಸೂಜಿಚಿಟ್ಟೆ ಇನ್ನೂ ಬಂದಿಲ್ಲ. ಬರುತ್ತದೆ ಎಂದು ಮಾತು ಕೊಡಲು ಮೇಡಂ ಕೂಡ ಒಪ್ಪುವುದಿಲ್ಲ. ಮೇಲ್ಗಡೆ ಉಳಿದಿರುವ ಮರಿಗಳಲ್ಲಿ ಕೆಲವು ನೀರಿನ ಜೊತೆ ಜಾರಿ ಕೆಳಗೆ ಬಂದು ಕಲ್ಲು ಹಿಡಿದರೆ, ಮತ್ತೆ ಎರಡು ಮೂರು ವರ್ಷ ಯಾರೂ ಅಲ್ಲಿ ತಪ್ಪು ಮಾಡದೆ ಇದ್ದರೆ, ಬರಬಹುದು. ಮೇಲಿನವೂ ಹೋಗಿದ್ದರೆ ಆ ಹಳ್ಳಕ್ಕೆ ಅದನ್ನು ತಂದುಕೊಡುವವರು ಯಾರೂ ಇರಲಿಲ್ಲ.

ಕುರಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಔಷಧಿ ತೊಟ್ಟಿ ಚೊಕ್ಕವಾಗಿದ್ದರೆ ಕೆಲಸ ಮುಗಿಯಲಿಲ್ಲ. ತೊಟ್ಟಿಯಿಂದ ಹೊರಬಂದ ಕುರಿ ಎಲ್ಲಿ ನಡೆದುಹೋಗುತ್ತದೆ ಎಂದು ನೋಡಿ. ಸೋರುವುದು ನಿಲ್ಲುವವರೆಗೆ ಅಲ್ಲೇ ನಿಲ್ಲಿಸಿ, ಆಮೇಲೂ ಕಡಿಮೆ ಎಂದರೆ ಎರಡು ವಾರ ಹಳ್ಳಕ್ಕೆ ಇಳಿಸಬೇಡಿ, ಹಳ್ಳದಲ್ಲಿ ತೊಳೆಯಲೇಬೇಡಿ. ಔಷಧಿ ಮುಟ್ಟಿದ ಬಟ್ಟೆಯನ್ನು, ಬಕೆಟನ್ನು, ಕೈಯನ್ನು ಹರಿಯುವ ನೀರಿನಲ್ಲಿ ಅದ್ದಬೇಡಿ. ದಂಡೆಯ ಜೊಂಡನ್ನು ಸುಮ್ಮಸುಮ್ಮನೆ ಕೊಯ್ಯಬೇಡಿ. ನಿಮ್ಮ ಹಳ್ಳದಲ್ಲಿ ಮೀನೋ ಹುಳವೋ ಒಮ್ಮೆಲೇ ಕಾಣೆಯಾದರೆ, ಕಾರಣ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಗೊತ್ತಿರುವವರನ್ನು ಕರೆಸಿ. ಹಳ್ಳ ಕೆಟ್ಟಾಗ ನಾವೆಲ್ಲ ಮೊದಲು ನೋಡುವುದು ಮೇಲಿನ ಮನೆಯವರ ಕಡೆಗೆ. ತಪ್ಪಲ್ಲ, ನೋಡಿ. ನೋಡಿದ ಮೇಲೆ ಒಮ್ಮೆ ಹಿಂತಿರುಗಿ, ನಿಮ್ಮ ಮನೆಯಿಂದ ಕೆಳಗೆ ಅದೇ ನೀರು ಯಾರ ಬಾಗಿಲಿಗೆ ಹೋಗುತ್ತದೆ ಎಂಬುದನ್ನೂ ನೋಡಿಕೊಳ್ಳಿ.